ನಿಲ್ಲಿಸಲು ಬಂದರೆ ಮಾತ್ರ ಟ್ರ್ಯಾಕ್ ಹಾಕಿ

ಹಳೇ ಮೈಸೂರು ಕಡೆಯ ಸಣ್ಣ ಪಟ್ಟಣವೊಂದರ ಸಿ.ಎಸ್.ಐ. ಸಭೆಯಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ. ಬೇರೆ ಯಾರೂ ಇಲ್ಲದ್ದರಿಂದ ಆ ಸ್ಟೂಲಿನ ಮೇಲೆ ನಾನು ಕೂರುತ್ತೇನೆ ಅನ್ನುವುದು ಇನ್ನೂ ಸರಿ. ಇಂಥ ಸಭೆಗಳ ಸಂಗೀತದ ಕಥೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಡ್ರಮ್ ಕಲಿತ ಹುಡುಗ ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋಗುತ್ತಾನೆ. ಗಿಟಾರ್ ಹುಡುಗಿಗೆ ಮದುವೆಯಾಗಿ, ಲಾಭವೆಲ್ಲ ಗಂಡನ ಊರಿನ ಸಭೆಗೆ. ತಬಲದವರಿಗೆ ಭಾನುವಾರವೂ ಡ್ಯೂಟಿ. ಉಳಿಯುವುದು ಒಂದು ಕೀಬೋರ್ಡು, ಒಂದು ಹಳೆಯ ಹಾರ್ಮೋನಿಯಂ, ಬಂದರೆ ಬಂದರು ಇಲ್ಲದಿದ್ದರೆ ಇಲ್ಲ ಅನ್ನುವ ಕ್ವಾಯರ್. ಇದರ ಮಧ್ಯೆ ಯುವಕರ ಸಂಘದವರು ಯೂಟ್ಯೂಬಿನಲ್ಲಿ ಏನೋ ಕೇಳಿಕೊಂಡು ಬಂದು, "ಅಣ್ಣಾ, ನಮ್ಮಲ್ಲೂ ಹಿಂಗೇ ಬರ್ಬೇಕು" ಅನ್ನುತ್ತಾರೆ. ಟ್ರ್ಯಾಕ್ ಚರ್ಚಿನೊಳಕ್ಕೆ ಕಾಲಿಡುವುದು ಹೀಗೆ.

ಟ್ರ್ಯಾಕ್ ಎಂದರೆ ಮೊದಲೇ ರೆಕಾರ್ಡ್ ಆದ ವಾದ್ಯಸಂಗೀತ. ಅದನ್ನು ಹಾಕಿಕೊಂಡು ನಾವು ಜೊತೆಗೆ ನುಡಿಸುವುದು, ಹಾಡುವುದು. ಇದಕ್ಕೆ ಲ್ಯಾಪ್‌ಟಾಪ್, ಏಬಲ್ಟನ್ ಲೈವ್‌ನಂಥ ಸಾಫ್ಟ್‌ವೇರ್, ಎಲ್ಲರ ಕಿವಿಗೂ ಒಂದೊಂದು ಮಾನಿಟರ್ ಬೇಕು ಅನ್ನುವವರಿದ್ದಾರೆ. ದೊಡ್ಡ ಸಭೆಗಳಿಗೆ ಬೇಕಿರಬಹುದು. ನಮ್ಮಂಥವರಿಗೆ ಒಂದು ಹಳೆಯ ಫೋನು, ಒಳ್ಳೆಯ ವೈರು ಸಾಕು. ಯಾವ ವಿಧಾನ ಹಿಡಿದರೂ ನಾನೀಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೆ ಹೇಗೆ ನಿಲ್ಲಿಸುತ್ತೇನೆ? ಕೆಳಗಿನ ಪಾಠಗಳಲ್ಲಿ ಬಹುಪಾಲು ಆ ಪ್ರಶ್ನೆ ಕೇಳಿಕೊಳ್ಳದೆ ಇದ್ದಾಗ ಕಲಿತವು.

1. ಶುರು ಮಾಡುವ ಮೊದಲು ನಿಲ್ಲಿಸುವುದನ್ನು ಕಲಿಯಿರಿ

ನಾನು ಮೊದಲ ಸಲ ಟ್ರ್ಯಾಕ್ ಹಾಕಿದ್ದು ಕಾಣಿಕೆ ಹಾಡಿಗೆ. ಆಂಪ್ಲಿಫೈಯರಿನ ಮುಖದಲ್ಲೇ ಯುಎಸ್‌ಬಿ ಕಿಂಡಿ ಇತ್ತು. ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದೆ, ಹಾಡು ಚೆನ್ನಾಗಿಯೇ ಹೊರಟಿತು. ಅವತ್ತು ಮಳೆ, ಜನ ಕಡಿಮೆ. ಎರಡು ಚರಣ ಮುಗಿಯುವಷ್ಟರಲ್ಲಿ ಕಾಣಿಕೆ ಚೀಲಗಳು ಮುಂದೆ ಬಂದು ನಿಂತವು. ಟ್ರ್ಯಾಕಿನಲ್ಲಿ ಇನ್ನೂ ಎರಡು ಚರಣ ಬಾಕಿ, ನಡುವೆ ಉದ್ದನೆಯ ಕೊಳಲು ಬೇರೆ. ಅಯ್ಯನವರು ಪ್ರಾರ್ಥನೆಗೆ ಕೈ ಎತ್ತಿದರು. ಆ ಗುಂಡಿಗಳು ಸಾಸಿವೆ ಕಾಳಿನಷ್ಟಿರುತ್ತವೆ, ಪಕ್ಕದ ಗುರುತು ಉಜ್ಜಿಹೋಗಿರುತ್ತದೆ. ನಿಲ್ಲಿಸುವ ಗುಂಡಿ ಎಂದುಕೊಂಡು ನಾನು ಒತ್ತಿದ್ದು ಮುಂದಿನ ಹಾಡಿನ ಗುಂಡಿ. ಆಗಸ್ಟ್ ತಿಂಗಳಲ್ಲಿ ಕ್ರಿಸ್‌ಮಸ್ ಹಾಡಿನ ಗಂಟೆ ಗೆಜ್ಜೆಗಳು ಕಟ್ಟಡದ ತುಂಬ ಮೊಳಗಿದವು. ಅಯ್ಯನವರು ಎತ್ತಿದ ಕೈ ಇಳಿಸಲೂ ಇಲ್ಲ, ಪ್ರಾರ್ಥನೆ ಶುರು ಮಾಡಲೂ ಇಲ್ಲ. ಕೊನೆಗೆ ನಾನು ಪೆನ್‌ಡ್ರೈವನ್ನೇ ಕಿತ್ತೆ. ಸ್ಪೀಕರಿನಿಂದ ಬಂದ 'ಡಬ್' ಸದ್ದಿಗೆ ಮುಂದಿನ ಬೆಂಚಿನ ಮಗು ಎದ್ದು ಅತ್ತಿತು.

ಟ್ರ್ಯಾಕ್ ನಿಲ್ಲಿಸುವುದೆಂದರೆ ಗುಂಡಿ ಒತ್ತುವುದಲ್ಲ ಅನ್ನುವುದು ಆಮೇಲೆ ತಿಳಿಯಿತು. ಮೊದಲು ಮಿಕ್ಸರಿನಲ್ಲಿ ಆ ಚಾನೆಲ್ಲಿನ ಫೇಡರನ್ನು ನಾಲ್ಕೈದು ಸೆಕೆಂಡಿನಲ್ಲಿ ನಿಧಾನವಾಗಿ ಇಳಿಸಬೇಕು, ಪೂರ್ತಿ ಇಳಿದ ಮೇಲೆ ಗುಂಡಿ. ಹೀಗೆ ಮಾಡಿದರೆ ಹಾಡು ಎಲ್ಲಿ ನಿಂತರೂ ಬೇಕೆಂದೇ ನಿಲ್ಲಿಸಿದಂತೆ ಕೇಳುತ್ತದೆ. ಮಿಕ್ಸರ್ ದೂರವಿದ್ದರೆ, ಒಂದೇ ಚಾನೆಲ್ಲಿನ ಸಣ್ಣ ವಾಲ್ಯೂಮ್ ನಾಬ್ ಅಥವಾ ಕಾಲಲ್ಲಿ ಒತ್ತುವ ವಾಲ್ಯೂಮ್ ಪೆಡಲ್ ನಿಮ್ಮ ಪಕ್ಕದಲ್ಲಿರಲಿ. ಅಭ್ಯಾಸದ ದಿನ ಹಾಡು ಶುರು ಮಾಡುವುದನ್ನು ಒಂದು ಸಲ ಮಾಡಿದರೆ ನಿಲ್ಲಿಸುವುದನ್ನು ಮೂರು ಸಲ ಮಾಡಿ.

2. ಪೆನ್‌ಡ್ರೈವ್ ನಿಮ್ಮ ಪಟ್ಟಿ ಓದುವುದಿಲ್ಲ

ಆಂಪ್ಲಿಫೈಯರು, ಮಿಕ್ಸರುಗಳಲ್ಲಿ ಕೂಡಿಸಿರುವ ಅಗ್ಗದ ಪ್ಲೇಯರುಗಳು ಫೈಲುಗಳನ್ನು ಹೆಸರಿನ ಕ್ರಮದಲ್ಲಿ ನುಡಿಸುತ್ತವೆ ಎಂದು ನಾವು ನಂಬುತ್ತೇವೆ. ಅನೇಕವು ಕಾಪಿ ಮಾಡಿದ ಕ್ರಮದಲ್ಲಿ ನುಡಿಸುತ್ತವೆ. ಆದ್ದರಿಂದ ಫೈಲುಗಳಿಗೆ 01, 02 ಎಂದು ಹೆಸರಿಡುವುದಷ್ಟೇ ಸಾಲದು; ಪೆನ್‌ಡ್ರೈವನ್ನು ಖಾಲಿ ಮಾಡಿ, ಆ ಭಾನುವಾರದ ಹಾಡುಗಳನ್ನು ಮಾತ್ರ ಒಂದೊಂದಾಗಿ ಅದೇ ಕ್ರಮದಲ್ಲಿ ಹಾಕಿ. ಫಾರ್ಮ್ಯಾಟ್ ಮಾಡುವುದಾದರೆ ಎಫ್ಎಟಿ32 ಆಗಿರಲಿ, ಬೇರೆಯದನ್ನು ಈ ಪ್ಲೇಯರುಗಳು ಎಷ್ಟೋ ಸಲ ಗುರುತಿಸುವುದೇ ಇಲ್ಲ.

ಇನ್ನೊಂದು ಕಾಟ: ಒಂದು ಹಾಡು ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗುವುದು. ಇದಕ್ಕೆ ಖರ್ಚಿಲ್ಲದ ಮದ್ದಿದೆ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಹಾಡು ತೆರೆದು, ಕೊನೆಗೆ ಹತ್ತು ನಿಮಿಷದ ಮೌನ ಅಂಟಿಸಿಬಿಡಿ. ನಿಲ್ಲಿಸಲು ಮರೆತರೂ ಪ್ಲೇಯರ್ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿರುತ್ತದೆ. ಅಷ್ಟರಲ್ಲಿ ನೆನಪಾಗದಿದ್ದರೆ ದೇವರೇ ಕಾಪಾಡಬೇಕು.

ಅದೇ ಸಾಫ್ಟ್‌ವೇರಿನಲ್ಲಿ ಇನ್ನೊಂದು ಕೆಲಸವನ್ನೂ ಮುಗಿಸಿಕೊಳ್ಳಿ. ಬೇರೆ ಬೇರೆ ಕಡೆಯಿಂದ ಬಂದ ಟ್ರ್ಯಾಕುಗಳ ಜೋರು ಬೇರೆ ಬೇರೆ ಇರುತ್ತದೆ. 'ಲೌಡ್‌ನೆಸ್ ನಾರ್ಮಲೈಸೇಶನ್' ಎಂಬ ಆಯ್ಕೆಯಲ್ಲಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರೆ ಪ್ರತಿ ಹಾಡಿಗೂ ಫೇಡರ್ ಹುಡುಕುವ ಗೋಳಿಲ್ಲ.

3. ಮೊದಲು ಪ್ಯಾಡ್, ಮಿಕ್ಕಿದ್ದು ಆಮೇಲೆ

ಈಗ ಯಾರಾದರೂ ಟ್ರ್ಯಾಕ್ ಹಾಕುವುದು ಹೇಗೆಂದು ಕೇಳಿದರೆ ನಾನು ಮೊದಲು ಹೇಳುವುದು ಪ್ಯಾಡ್. ತಾಳವಿಲ್ಲದೆ, ಒಂದೇ ಶ್ರುತಿಯಲ್ಲಿ, ಹತ್ತು ಹದಿನೈದು ನಿಮಿಷ ಎಳೆದುಕೊಂಡು ಹೋಗುವ ಮೆತ್ತನೆಯ ನಾದ ಅದು. ನಮ್ಮ ಕಡೆಯವರಿಗೆ ಇದು ಹೊಸದೇನೂ ಅಲ್ಲ. ಬೆಂಗಳೂರಿನ ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರ ದಶಕಗಳಿಂದ ಕಛೇರಿಗಳ ವೇದಿಕೆಯಲ್ಲಿದೆ. ಯಂತ್ರ ಹಿನ್ನೆಲೆಯಲ್ಲಿ ನುಡಿಯುತ್ತಿದ್ದರೆ ಸಂಗೀತ ಸುಳ್ಳಾಗುತ್ತದೆ ಎಂದು ಅಲ್ಲಿ ಯಾರೂ ಗಲಾಟೆ ಮಾಡುವುದಿಲ್ಲ.

ಪ್ಯಾಡಿನ ದೊಡ್ಡ ಗುಣ, ಅದಕ್ಕೆ ತಾಳವೇ ಇಲ್ಲದಿರುವುದು. ಸಭೆ ನಿಧಾನಿಸಿದರೂ ಓಡಿದರೂ, ಒಂದು ಚರಣ ಬಿಟ್ಟರೂ, ಅಯ್ಯನವರು ಪಲ್ಲವಿ ಇನ್ನೊಮ್ಮೆ ಹಾಡೋಣ ಎಂದರೂ ಅದಕ್ಕೆ ಸಂಬಂಧವಿಲ್ಲ. ಎಲ್ಲಿ ಬೇಕಾದರೂ ಇಳಿಸಬಹುದು. ಹನ್ನೆರಡು ಸ್ಕೇಲಿಗೆ ಹನ್ನೆರಡು ಫೈಲು ಸಾಕು. ನಿಮ್ಮ ಕೀಬೋರ್ಡಿನಲ್ಲೇ ಒಂದು ಮೆದುವಾದ ಸ್ಟ್ರಿಂಗ್ಸ್ ದನಿ ಆರಿಸಿಕೊಂಡು ನೀವೇ ರೆಕಾರ್ಡ್ ಮಾಡಬಹುದು. ಮಾಡುವಾಗ ಸ, ಪ ಮಾತ್ರ ಒತ್ತಿ ಹಿಡಿಯಿರಿ. ಗಾಂಧಾರ ಸೇರಿಸಬೇಡಿ. ಗಾಂಧಾರ ಇಲ್ಲದಿದ್ದರೆ ಅದೇ ಫೈಲು ಮೇಜರ್ ಹಾಡಿಗೂ ಆಗುತ್ತದೆ, ಮೈನರ್ ಹಾಡಿಗೂ ಆಗುತ್ತದೆ, ನಡುವೆ ಬರುವ ಹೆಚ್ಚಿನ ಕಾರ್ಡುಗಳ ಜೊತೆಗೂ ಜಗಳವಾಡುವುದಿಲ್ಲ. ನಾನು ಮೊದಲು ತುಂಬು ಮೇಜರ್ ಕಾರ್ಡಿನಲ್ಲಿ ಮಾಡಿಟ್ಟುಕೊಂಡಿದ್ದೆ. ಶುಭ ಶುಕ್ರವಾರದ ಮೈನರ್ ಹಾಡೊಂದಕ್ಕೆ ಅದನ್ನು ಹಾಕಿದಾಗ ಕ್ವಾಯರಿನ ಹಿರಿಯರೊಬ್ಬರು ಹಾಡುವುದನ್ನು ನಿಲ್ಲಿಸಿ ಕೀಬೋರ್ಡಿನ ಕಡೆ ತಿರುಗಿ ನೋಡಿದರು. ಬೈದಿದ್ದರೆ ಪರವಾಗಿರಲಿಲ್ಲ.

ಕರ್ತನ ಭೋಜನದ ಹೊತ್ತಿಗೆ ಪ್ಯಾಡಿಗಿಂತ ಒಳ್ಳೆಯದು ಇಲ್ಲ. ಜನ ಸಾಲಾಗಿ ಬಂದು ಹೋಗುವುದಕ್ಕೆ ಎಷ್ಟು ಹೊತ್ತಾಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಸ್ಕೇಲ್ ಬದಲಾದರೆ ಹಳೆಯದನ್ನು ಪೂರ್ತಿ ಇಳಿಸಿ, ಒಂದು ಉಸಿರು ಬಿಟ್ಟು ಹೊಸದನ್ನು ಏರಿಸಿ. ಎರಡನ್ನೂ ಒಟ್ಟಿಗೆ ಬೆರೆಸುವ ಜಾಣತನ ನನಗಂತೂ ಒಲಿದಿಲ್ಲ.

4. ನಿಮ್ಮ ಕೀಬೋರ್ಡಿನಲ್ಲೇ ಅರ್ಧ ಬ್ಯಾಂಡ್ ಕುಳಿತಿದೆ

ಟ್ರ್ಯಾಕ್ ಹುಡುಕುತ್ತ ಇಂಟರ್ನೆಟ್ ಜಾಲಾಡಿದ ಮೇಲೆ ನನಗೆ ಇದು ಹೊಳೆಯಿತು. ಯಮಹಾ ಪಿಎಸ್ಆರ್ ಥರದ ಕೀಬೋರ್ಡಿನಲ್ಲಿ 'ಸ್ಟೈಲ್' ಇರುತ್ತದೆ. ಎಡಗೈಯಲ್ಲಿ ಕಾರ್ಡ್ ಹಿಡಿದರೆ ಡ್ರಮ್ಮು, ಬೇಸು, ಗಿಟಾರು ಹಿಂದೆಯೇ ಬರುತ್ತವೆ. ಭಾರತಕ್ಕೆಂದೇ ತಂದ ಪಿಎಸ್ಆರ್-ಐ ಸರಣಿಯಲ್ಲಿ ತಬಲ, ಢೋಲಕ್ ಇರುವ ಸ್ಟೈಲುಗಳೂ ಇವೆ. ಸಂಗೀತಗಾರರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ, ಮದುವೆ ಆರ್ಕೆಸ್ಟ್ರಾ ಎನ್ನುತ್ತಾರೆ. ನಾನೂ ಅಂದವನೇ.

ಆದರೆ ಲೆಕ್ಕ ಹಾಕಿ ನೋಡಿ. ಹಾಡು ಎಷ್ಟು ಚರಣ ಬೇಕಾದರೂ ಹೋಗಬಹುದು. ಟೆಂಪೋ ಗುಂಡಿಯಿಂದ ನಡೆಯನ್ನು ಒಂದೊಂದು ಅಂಕೆ ಏರಿಸಬಹುದು, ಇಳಿಸಬಹುದು. 'ಸಿಂಕ್ ಸ್ಟಾರ್ಟ್' ಒತ್ತಿಟ್ಟರೆ ನೀವು ಮೊದಲ ಕಾರ್ಡ್ ಹಿಡಿದ ಕ್ಷಣಕ್ಕೆ ತಾಳ ಹೊರಡುತ್ತದೆ, ಯಾರೂ ಎಣಿಸಿ ಹೇಳಬೇಕಿಲ್ಲ. ಎಂಡಿಂಗ್ ಗುಂಡಿ ಒತ್ತಿದರೆ ಮುಕ್ತಾಯ ಬರುತ್ತದೆ. ಅದು ನುಡಿಯುತ್ತಿರುವಾಗ ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ ನಡೆ ತಗ್ಗುತ್ತ ನಿಲ್ಲುತ್ತದೆ. ನಿಲ್ಲಿಸುವ ವಿಷಯದಲ್ಲಿ ಇದಕ್ಕೆ ಪ್ಯಾಡ್ ಬಿಟ್ಟರೆ ಸಾಟಿಯಿಲ್ಲ. ಮದುವೆ ಆರ್ಕೆಸ್ಟ್ರಾದ ವಾಸನೆ ಬರಬಾರದು ಅಂದರೆ ಬೇಸ್, ಬ್ರಾಸ್ ಮುಂತಾದ ಭಾಗಗಳನ್ನು ಮುಚ್ಚಿ ತಾಳವನ್ನಷ್ಟೇ ಉಳಿಸಿಕೊಳ್ಳಿ, ಸ್ಟೈಲಿನ ವಾಲ್ಯೂಮನ್ನು ನಿಮ್ಮ ಬಲಗೈ ದನಿಗಿಂತ ಸಾಕಷ್ಟು ಕೆಳಗಿಡಿ.

5. ರಜೆಗೆ ಬಂದ ಹುಡುಗನನ್ನು ರೆಕಾರ್ಡ್ ಮಾಡಿಕೊಳ್ಳಿ

ಮಲ್ಟಿಟ್ರ್ಯಾಕ್ಸ್, ಲೂಪ್ ಕಮ್ಯುನಿಟಿ ಮುಂತಾದ ಅಮೆರಿಕದ ಸಂಸ್ಥೆಗಳು ಚರ್ಚಿನ ಹಾಡುಗಳ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕ್ ಮಾಡಿ ಮಾರುತ್ತವೆ. ನುಡಿಸಲು ಅವುಗಳದೇ ಆ್ಯಪ್ ಕೂಡ ಇವೆ. ಅಲ್ಲಿ ಇಂಗ್ಲಿಷ್ ಹಾಡುಗಳದೇ ರಾಜ್ಯ. ನಮ್ಮ ಕೀರ್ತನೆಗಳಿಗೆ ಬೇಕಾದ ಢೋಲಕ್ ಪೆಟ್ಟನ್ನು ಅಲ್ಲಿ ಹುಡುಕುವುದಕ್ಕಿಂತ, ದಸರಾ ರಜೆಗೆ ಊರಿಗೆ ಬಂದ ನಮ್ಮ ಹುಡುಗನನ್ನೇ ಒಂದು ಸಂಜೆ ಕೂರಿಸಿಕೊಂಡರೆ ಆಯಿತು. ಅವನ ಕಿವಿಗೆ ಕ್ಲಿಕ್ (ತಾಳ ಎಣಿಸುವ 'ಟಕ್ ಟಕ್' ಸದ್ದು) ಕೊಟ್ಟು, ಮುಂದೆ ಒಂದು ಮೈಕ್ ಇಟ್ಟು, ಒಂದೊಂದು ನಡೆಯಲ್ಲಿ ಎರಡೆರಡು ನಿಮಿಷ ನುಡಿಸಿಕೊಂಡಿಟ್ಟುಕೊಳ್ಳಿ. ಆದಿತಾಳದ ಹಾಡಿಗೆ ಒಂದು, ಮೂರರ ನಡೆಯ ಹಾಡಿಗೆ ಒಂದು, ಕೊನೆಗೆ ಮುಕ್ತಾಯದ ಉರುಳಿಕೆ ಬೇರೆ.

ಅದರಲ್ಲಿ ನಾಲ್ಕೋ ಎಂಟೋ ಆವರ್ತ ಕತ್ತರಿಸಿ ಲೂಪ್ ಮಾಡುವಾಗ ಫೈಲನ್ನು ಎಂಪಿ3 ಮಾಡಬೇಡಿ, ವೇವ್ ಆಗಿಯೇ ಇಡಿ. ಎಂಪಿ3 ಮಾಡುವಾಗ ತುದಿಗಳಿಗೆ ಕೂದಲೆಳೆಯಷ್ಟು ಮೌನ ಅಂಟಿಕೊಳ್ಳುತ್ತದೆ. ಲೂಪ್ ತಿರುಗಿದಾಗಲೆಲ್ಲ ತಾಳ ಒಮ್ಮೆ ಎಡವಿದಂತೆ ಕೇಳುತ್ತದೆ. ಇದು ಗೊತ್ತಿಲ್ಲದೆ ಹುಡುಗನ ಕೈಯೇ ಸರಿಯಿಲ್ಲವೆಂದು ನಾನು ಅವನಿಗೆ ಫೋನಿನಲ್ಲಿ ಹೇಳಿದ್ದೆ. ಆಮೇಲೆ ಇನ್ನೊಂದು ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು.

ಸಭೆಯಲ್ಲಿ ರೋಲ್ಯಾಂಡಿನ ಎಸ್‌ಪಿಡಿ-ಎಸ್ಎಕ್ಸ್ ಡ್ರಮ್ ಪ್ಯಾಡ್ ಇದ್ದರೆ ನೀವು ಪುಣ್ಯವಂತರು. ಅದರಲ್ಲಿ ಒಂಬತ್ತು ತಟ್ಟೆಗಳಿವೆ. ಪಲ್ಲವಿಯ ಲೂಪ್ ಒಂದಕ್ಕೆ, ಚರಣದ್ದು ಇನ್ನೊಂದಕ್ಕೆ, ಮುಕ್ತಾಯ ಮತ್ತೊಂದಕ್ಕೆ ಹಾಕಿಟ್ಟರೆ ಒಂದು ಪೆಟ್ಟಿಗೆ ಶುರು, ಇನ್ನೊಂದು ಪೆಟ್ಟಿಗೆ ನಿಲುಗಡೆ. ಕೋಲು ಹಿಡಿಯಲು ಬರುವ ಸಂಡೇ ಸ್ಕೂಲ್ ಹುಡುಗ ಸಾಕು.

6. ಬ್ಲೂಟೂತ್ ಮನೆಯಲ್ಲಿರಲಿ

ವೈರಿನ ರಗಳೆ ತಪ್ಪಿಸಲು ಡ್ರಮ್ ಹುಡುಗನಿಗೆ ಬ್ಲೂಟೂತ್ ಇಯರ್‌ಫೋನ್ ಕೊಟ್ಟು ಕ್ಲಿಕ್ ಕೇಳಿಸಿದ್ದೆ. ಸಾಮಾನ್ಯ ಬ್ಲೂಟೂತಿನಲ್ಲಿ ದನಿ 100ರಿಂದ 300 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿನ ಉದ್ದವೇ 500 ಮಿಲಿಸೆಕೆಂಡ್. ಅವನು ಕ್ಲಿಕ್ಕಿಗೆ ಸರಿಯಾಗಿ ಬಾರಿಸುತ್ತಿದ್ದ, ಹಾಡಿಗೆ ಅರ್ಧ ಪೆಟ್ಟು ಹಿಂದಿದ್ದ. ಬರೀ ಟ್ರ್ಯಾಕ್ ಮಾತ್ರ ಬ್ಲೂಟೂತಿನಲ್ಲಿ ಸ್ಪೀಕರಿಗೆ ಹೋಗುತ್ತಿದ್ದರೆ ಎಲ್ಲರಿಗೂ ಒಂದೇ ತಡ, ತೊಂದರೆಯಾಗದು. ಆದರೆ ಸಂಪರ್ಕ ಕಡಿದುಹೋಗುವ ಭಯ ಇದ್ದೇ ಇದೆ, ಫೋನ್ ಹಿಡಿದು ಯಾರೋ ಆಚೆ ಹೋದರಂತೂ ಮುಗಿಯಿತು.

7. ಹಳೆಯ ಫೋನ್, ಹೊಸ ವೈರು

ಸಿಮ್ ತೆಗೆದ ಹಳೆಯ ಫೋನೊಂದನ್ನು ಚರ್ಚಿಗೆಂದೇ ಮೀಸಲಿಡಿ. ನಿಮ್ಮ ದಿನಬಳಕೆಯ ಫೋನೇ ಆದರೆ ಏರೋಪ್ಲೇನ್ ಮೋಡಿನಲ್ಲಿಡಿ, ಅಲಾರಂಗಳನ್ನು ಬೇರೆಯಾಗಿ ತೆಗೆಯಿರಿ. ಏರೋಪ್ಲೇನ್ ಮೋಡಿನಲ್ಲಿದ್ದರೂ ಅಲಾರಂ ಹೊಡೆದುಕೊಳ್ಳುತ್ತದೆ. ನನ್ನ ಬಿ.ಪಿ. ಮಾತ್ರೆಯ ಹೊತ್ತು ಎಷ್ಟೆಂದು ಈಗ ಇಡೀ ಸಭೆಗೆ ಗೊತ್ತು.

ಫೋನಿನಿಂದ ಮಿಕ್ಸರಿಗೆ ಹೋಗುವ ವೈರಿನ ಒಂದು ತುದಿಯಲ್ಲಿ ಇಯರ್‌ಫೋನ್ ಪಿನ್, ಇನ್ನೊಂದು ತುದಿಯಲ್ಲಿ ಎರಡು ದಪ್ಪ ಪಿನ್ ಇರಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವುದಾದರೆ ಇಪಿ ಟು ಡಬಲ್ ಪಿ38 ಎಂದು ಕೇಳಿ. ಸ್ಟೀರಿಯೋ ಪಿನ್ನನ್ನು ನೇರವಾಗಿ ಮೈಕಿನ ಕಿಂಡಿಗೆ ಚುಚ್ಚುವ ಯಾವ ಅಡ್ಡದಾರಿಯನ್ನೂ ನಂಬಬೇಡಿ, ಅರ್ಧ ವಾದ್ಯಗಳು ಮಾಯವಾಗುತ್ತವೆ. ಇಯರ್‌ಫೋನ್ ಕಿಂಡಿ ಇಲ್ಲದ ಹೊಸ ಫೋನಿಗೆ ಟೈಪ್-ಸಿ ಕನೆಕ್ಟರ್ ಬೇಕು; ಒಂದು ಫೋನಿಗೆ ಆದದ್ದು ಇನ್ನೊಂದಕ್ಕೆ ಆಗುತ್ತದೆಂಬ ಖಾತರಿಯಿಲ್ಲ, ಅಂಗಡಿಗೆ ಫೋನ್ ತೆಗೆದುಕೊಂಡೇ ಹೋಗಿ.

ಚಾರ್ಜರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ 'ಗುಂಯ್' ಎಂದು ಶುರುವಾದರೆ ಅದು ಅರ್ಥಿಂಗಿನ ಸುತ್ತಾಟ. ಚಾರ್ಜರ್ ಕಿತ್ತರೆ ನಿಲ್ಲುತ್ತದೆ. ಲ್ಯಾಪ್‌ಟಾಪಿಗೂ ಹೀಗೇ. ಕಾಯಂ ಪರಿಹಾರ, ಫೋನಿಗೂ ಮಿಕ್ಸರಿಗೂ ನಡುವೆ ಹಾಕುವ ಡಿಐ ಬಾಕ್ಸ್. ಅದರ ಮೈಮೇಲಿರುವ 'ಗ್ರೌಂಡ್ ಲಿಫ್ಟ್' ಸ್ವಿಚ್ಚನ್ನು ತಳ್ಳಿದರೆ ಗುಂಯ್‌ಗುಡುವುದು ಹೋಗುತ್ತದೆ, ಉದ್ದದ ವೈರಿನಲ್ಲಿ ದನಿ ಕೆಡುವುದೂ ತಪ್ಪುತ್ತದೆ. ಹಣವಿದ್ದರೆ ಮೊದಲು ಕೊಳ್ಳಬೇಕಾದದ್ದು ಇದನ್ನು, ಲ್ಯಾಪ್‌ಟಾಪನ್ನಲ್ಲ.

8. ಒಂದು ಕಿವಿಗೆ ಕ್ಲಿಕ್, ಸಭೆಗೆ ಸಂಗೀತ

ಟ್ರ್ಯಾಕ್ ಜೊತೆ ಜೀವಂತ ವಾದ್ಯವೂ ನುಡಿಯಬೇಕಾದರೆ ನುಡಿಸುವವನಿಗೆ ಕ್ಲಿಕ್ ಕೇಳಬೇಕು, ಸಭೆಗೆ ಕೇಳಬಾರದು. ಇದಕ್ಕೆ ಬಡವರ ಉಪಾಯವೊಂದಿದೆ. ಸ್ಟೀರಿಯೋ ಫೈಲಿನ ಎಡಭಾಗದಲ್ಲಿ ಕ್ಲಿಕ್ಕನ್ನು ಮಾತ್ರ ಇಟ್ಟು, ವಾದ್ಯಗಳನ್ನೆಲ್ಲ ಒಂದುಗೂಡಿಸಿ ಬಲಭಾಗಕ್ಕೆ ಹಾಕುವುದು. ಮೇಲೆ ಹೇಳಿದ ವೈರಿನ ಎರಡು ಪಿನ್ನುಗಳಲ್ಲಿ ಬಲದ್ದು ಸ್ಪೀಕರಿಗೆ, ಎಡದ್ದು ನುಡಿಸುವವರ ಇಯರ್‌ಫೋನಿಗೆ. ಕೇಳಬೇಕಾದವರು ಒಬ್ಬರಿಗಿಂತ ಹೆಚ್ಚಿದ್ದರೆ ಬೆರಿಂಗರ್ ಎಚ್ಎ400ನಂಥ ಪುಟ್ಟ ಡಬ್ಬಿಯಿಂದ ನಾಲ್ಕು ಜನರಿಗೆ ಹಂಚಬಹುದು. ಹಾಡಿಗೆ ಮುಂಚೆ ಎರಡು ಆವರ್ತ ಎಣಿಕೆ ಇರಲಿ. ಎಡಭಾಗದಲ್ಲೇ ನಿಮ್ಮ ದನಿಯಲ್ಲಿ 'ಎರಡನೇ ಚರಣ', 'ಪಲ್ಲವಿ', 'ಕೊನೆ' ಎಂದು ಒಂದು ಆವರ್ತ ಮೊದಲೇ ಹೇಳಿಟ್ಟುಕೊಂಡರೆ ಗೊಂದಲವಿಲ್ಲ.

ಎಡುಪು ಮರೆಯಬೇಡಿ. ಎಷ್ಟೋ ಹಾಡುಗಳ ಮಾತು ಸಮದ ಪೆಟ್ಟಿಗಿಂತ ಮುಂಚೆಯೇ ಶುರುವಾಗುತ್ತದೆ. ಎಣಿಕೆ ಮುಗಿದ ಮೇಲೆ ಹಾಡು ಎಂದು ನಾನು ಹೇಳಿಕೊಟ್ಟಿದ್ದೆ. ಹಾಗೆ ಮಾಡಿದ ಕ್ವಾಯರ್ ಇಡೀ ಪಲ್ಲವಿಯನ್ನು ಒಂದು ಪೆಟ್ಟು ತಡವಾಗಿ ಹಾಡಿ ಮುಗಿಸಿತು.

ಈ ಉಪಾಯದ ಅಪಾಯವೂ ಅಷ್ಟೇ ಸರಳ. ನಮ್ಮ ಸಭೆಯಿಂದ ಈ ಫೈಲನ್ನು ಎರವಲು ಪಡೆದ ಪಕ್ಕದ ಹಳ್ಳಿಯ ಸಭೆಯವರು ಅದನ್ನು ಒಂದೇ ಸ್ಪೀಕರಿನ ಡಬ್ಬಿಗೆ ಹಾಕಿದರು. ಸುಗ್ಗಿ ಹಬ್ಬದ ಆರಾಧನೆಯಲ್ಲಿ 'ಟಕ್ ಟಕ್ ಟಕ್' ಎಂಬ ಸದ್ದು, ಮಧ್ಯೆ ಮಧ್ಯೆ ನನ್ನ ದನಿಯಲ್ಲಿ ಆಜ್ಞೆಗಳು. ಫೈಲಿನ ಹೆಸರಿನಲ್ಲೇ 'ಎಡ ಕ್ಲಿಕ್' ಎಂದು ಬರೆದಿಡುವ ಅಭ್ಯಾಸ ಅಂದಿನಿಂದ ಬಂತು.

9. ಸಭೆಯ ನಡೆಯನ್ನು ಅಳೆದು ಟ್ರ್ಯಾಕ್ ಮಾಡಿ

ನಾನು ತುಂಬ ತಡವಾಗಿ ಕಲಿತದ್ದು ಇದನ್ನು. ಮೂಲ ರೆಕಾರ್ಡಿಂಗಿನಲ್ಲಿ ಹಾಡು ನಿಮಿಷಕ್ಕೆ 92 ಪೆಟ್ಟು ಇದ್ದರೆ ನಾನು ಹಾಗೇ ಹಾಕುತ್ತಿದ್ದೆ. ಎರಡನೇ ಚರಣದ ಹೊತ್ತಿಗೆ ಟ್ರ್ಯಾಕ್ ಒಂದು ಕಡೆ, ಮುಂದಿನ ಬೆಂಚಿನ ಅಜ್ಜಿಯರು ಇನ್ನೊಂದು ಕಡೆ. ಅವರು ಹಾಡು ಕಲಿತದ್ದು ನಾನು ಹುಟ್ಟುವ ಮೊದಲು. ಸಾಲಿನ ಕೊನೆಯ ಅಕ್ಷರವನ್ನು ಎಳೆದು, ಉಸಿರು ತೆಗೆದುಕೊಂಡು, ಆಮೇಲೆ ಮುಂದಿನ ಸಾಲಿಗೆ ಹೋಗುತ್ತಾರೆ. ನಾನು ಏನು ಮಾಡಿದೆ? ಟ್ರ್ಯಾಕಿನ ದನಿ ಏರಿಸಿದೆ. ಅಜ್ಜಿಯರು ಸುಮ್ಮನಾದರು. ಹಾಡು ಟ್ರ್ಯಾಕಿನದಾಯಿತು, ಸಭೆ ಕೇಳುಗರಾಯಿತು. ಆರಾಧನೆ ಮುಗಿದ ಮೇಲೆ ಒಬ್ಬರು ಹತ್ತಿರ ಬಂದು, "ಸಂಗೀತ ಚೆನ್ನಾಗಿತ್ತಪ್ಪ, ನಮಗೆ ಹಾಡೋಕ್ಕೇ ಸಂದು ಸಿಗಲಿಲ್ಲ" ಅಂದರು. ಆ ಮಾತಿನ ಮೊದಲ ಅರ್ಧವನ್ನಷ್ಟೇ ಅವತ್ತು ನಾನು ಕೇಳಿಸಿಕೊಂಡೆ.

ಈಗ ಮಾಡುವುದು ಹೀಗೆ. ಟ್ರ್ಯಾಕಿಲ್ಲದೆ ಹಾಡಿದ ಭಾನುವಾರ ಫೋನಿನಲ್ಲಿ ಸಭೆಯ ಹಾಡನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಮನೆಗೆ ಬಂದು, ಬೆರಳಿನಿಂದ ತಟ್ಟಿದರೆ ನಡೆ ತೋರಿಸುವ ಉಚಿತ ಆ್ಯಪಿನಲ್ಲಿ ಎರಡನೇ ಚರಣದ ನಡೆ ನೋಡುತ್ತೇನೆ, ಮೊದಲನೆಯದರದಲ್ಲ. ಮೊದಲ ಚರಣದಲ್ಲಿ ಎಲ್ಲರೂ ಉತ್ಸಾಹದಲ್ಲಿರುತ್ತಾರೆ. ಬಂದ ಅಂಕೆಗೆ ಟ್ರ್ಯಾಕನ್ನು ಆಡಾಸಿಟಿಯ 'ಚೇಂಜ್ ಟೆಂಪೋ'ದಲ್ಲಿ ಇಳಿಸುತ್ತೇನೆ, ಶ್ರುತಿ ಬದಲಾಗುವುದಿಲ್ಲ.

ಕಟ್ಟಡವೂ ತನ್ನ ಪಾಲು ಕೇಳುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ಸ್ಪೀಕರಿನಿಂದ 20 ಮೀಟರ್ ಹಿಂದಿನ ಬೆಂಚಿಗೆ ಟ್ರ್ಯಾಕ್ ತಲುಪುವಾಗ 60 ಮಿಲಿಸೆಕೆಂಡ್ ಕಳೆದಿರುತ್ತದೆ, ಅವರ ದನಿ ನಮ್ಮ ಕಿವಿಗೆ ವಾಪಸು ಬರಲು ಇನ್ನೂ 60. ಹಿಂದಿನವರು ಹಿಂದೆ ಬೀಳುತ್ತಾರೆಂದು ಬೈಯುವಾಗ ಇದನ್ನು ನೆನೆಯಬೇಕು. ಕಲ್ಲಿನ ಗೋಡೆ, ಎತ್ತರದ ಮಾಡು ಇದ್ದರೆ ಪ್ರತಿಧ್ವನಿ ಬೇರೆ. ಅಂಥ ಕಡೆ ಟ್ರ್ಯಾಕಿನಲ್ಲಿ ಪೆಟ್ಟುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು.

ಇನ್ನು ಸಾಲುಸಾಲಿಗೂ ನಿಂತು ಎಳೆಯುವ ಹಳೆಯ ಸಂಗೀತಗಳಿಗೆ ಕ್ಲಿಕ್ ಟ್ರ್ಯಾಕ್ ಹಾಕಲೇಬೇಡಿ. ಹಾರ್ಮೋನಿಯಂ ಇದೆ, ಪ್ಯಾಡ್ ಇದೆ, ಅಷ್ಟು ಸಾಕು.

10. ಸ್ಕೇಲೂ ಸಭೆಯದೇ

ಗಾಯಕರು ರೆಕಾರ್ಡ್ ಮಾಡಿದ ಸ್ಕೇಲು ಬೆಳಗಿನ ಎಂಟೂವರೆಯ ಗಂಟಲಿಗೆ ಏರುವುದಿಲ್ಲ. ಒಂದೆರಡು ಅರ್ಧಸ್ವರ ಇಳಿಸಿ. ಅದಕ್ಕಿಂತ ಹೆಚ್ಚು ಇಳಿಸಿದರೆ ಕೊಳಲು ಶಂಖದಂತೆ ಕೇಳತೊಡಗುತ್ತದೆ. ಆಗ ಬೇರೆ ಟ್ರ್ಯಾಕ್ ಹುಡುಕುವುದೇ ಮೇಲು.

11. ಪ್ಲೇ ಒತ್ತುವವನು ಹಾಡುವವರ ಮುಖ ನೋಡುತ್ತಿರಬೇಕು

ಮಿಕ್ಸರ್ ಹಿಂದಿನ ಬಾಗಿಲ ಪಕ್ಕ ಇದ್ದುದರಿಂದ ಟ್ರ್ಯಾಕನ್ನೂ ಅಲ್ಲಿಂದಲೇ ಹಾಕಿಸುತ್ತಿದ್ದೆ. ಹುಡುಗ ಚುರುಕಾಗಿದ್ದ, ಆದರೆ ನಾನು ಬೆವರು ಒರೆಸಿಕೊಳ್ಳಲು ಕೈ ಎತ್ತಿದ್ದನ್ನೇ ಸನ್ನೆಯೆಂದು ತಿಳಿದು ಪಾಠ ಓದುವವರ ಮೇಲೆ ಹಾಡು ಬಿಟ್ಟ. ಅವನ ತಪ್ಪೇನಿಲ್ಲ. ಈಗ ಫೋನು ಕೀಬೋರ್ಡಿನ ಮೇಲೇ ಇರುತ್ತದೆ. ಹಿಂದಿನವರ ಕೆಲಸ ದನಿಯ ಏರಿಳಿತವಷ್ಟೇ.

12. ದನಿ ತೆಗೆದ ಹಾಡು, ನೇರ ಪ್ರಸಾರ, ನಿಯಮ

ಸಿದ್ಧ ಟ್ರ್ಯಾಕ್ ಸಿಗದಿದ್ದರೆ ಪೂರ್ತಿ ಹಾಡಿನಿಂದ ಗಾಯಕರ ದನಿ ತೆಗೆಯುವುದು ಈಗ ಸುಲಭ. ಹಿಂದೆ ಎಡಬಲಗಳನ್ನು ಕಳೆದು ನಡುವಿನ ದನಿ ಅಳಿಸುತ್ತಿದ್ದೆವು, ಅದರ ಜೊತೆ ಬೇಸೂ ಡ್ರಮ್ಮೂ ಹೋಗುತ್ತಿದ್ದವು. 2019ರಲ್ಲಿ ಡೀಜರ್ ಕಂಪನಿ ಸ್ಪ್ಲೀಟರ್ ಎಂಬ ಉಪಕರಣವನ್ನು ಎಲ್ಲರಿಗೂ ಬಿಟ್ಟಿತು. ಅಲ್ಲಿಂದ ಈಚೆಗೆ ಅಂಥವು ಬೇಕಾದಷ್ಟು ಬಂದಿವೆ. ಹಾಗೆಂದು ಕೈಗೆ ಸಿಕ್ಕ ಹಾಡನ್ನೆಲ್ಲ ಕತ್ತರಿಸುವುದು ನನಗೆ ಸರಿ ಕಾಣುವುದಿಲ್ಲ. ಕನ್ನಡ ಕ್ರೈಸ್ತ ಗೀತೆಗಳನ್ನು ಮಾಡುವವರಿಗೆ ಬರುವ ದುಡ್ಡೇ ಕಡಿಮೆ. ಒಂದು ಫೋನ್ ಮಾಡಿ ಕೇಳಿದರೆ ಅವರಲ್ಲಿ ಹಲವರು ಟ್ರ್ಯಾಕನ್ನೇ ಕೊಡುತ್ತಾರೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಾಮಾಣಿಕ ಧಾರ್ಮಿಕ ಆಚರಣೆಯಲ್ಲಿ ಹಾಡು ಹಾಡುವುದಕ್ಕೂ ರೆಕಾರ್ಡಿಂಗ್ ಕೇಳಿಸುವುದಕ್ಕೂ ವಿನಾಯಿತಿ ಕೊಟ್ಟಿದೆ. ಯೂಟ್ಯೂಬಿನ ಯಂತ್ರಕ್ಕೆ ಈ ಕಲಂ ಗೊತ್ತಿಲ್ಲ. ನೇರ ಪ್ರಸಾರದಲ್ಲಿ ಬೇರೆಯವರ ಟ್ರ್ಯಾಕ್ ಕೇಳಿದರೆ ಗುರುತು ಹಿಡಿದು ನೋಟಿಸ್ ಕಳಿಸುತ್ತದೆ, ಕೆಲವು ಸಲ ದನಿಯನ್ನೇ ಮುಚ್ಚುತ್ತದೆ. ಪ್ರಸಾರವಿರುವ ದಿನ ನೀವೇ ರೆಕಾರ್ಡ್ ಮಾಡಿದ್ದನ್ನು ಬಳಸಿ.

ಕಥೋಲಿಕ ಸಭೆಯ ಗೆಳೆಯರು ಮೊದಲು ತಮ್ಮ ಗುರುಗಳನ್ನು ಕೇಳುವುದು ಒಳ್ಳೆಯದು. ಗ್ರಾಮಫೋನು, ರೇಡಿಯೊ ಮುಂತಾದ ಯಂತ್ರಗಳನ್ನು ಪೂಜಾವಿಧಿಯಲ್ಲಿ ಬಳಸಬಾರದೆಂದು ರೋಮ್ 1958ರಲ್ಲೇ ಸೂಚನೆ ಹೊರಡಿಸಿತ್ತು. ಅಮೆರಿಕದ ಬಿಷಪರ 2007ರ ಮಾರ್ಗಸೂಚಿಯೂ ರೆಕಾರ್ಡ್ ಮಾಡಿದ ಸಂಗೀತ ಸಾಮಾನ್ಯವಾಗಿ ಬೇಡ ಎನ್ನುತ್ತದೆ, ಹೊಸ ಹಾಡು ಕಲಿಸಲು ಬಳಸಬಹುದು ಎನ್ನುತ್ತದೆ. ನಾವು ಬೇರೆ ಪಂಗಡದವರಾದರೂ ಆ ಕೊನೆಯ ಮಾತು ನನಗೆ ಹಿಡಿಸಿದೆ. ಹೊಸ ಹಾಡನ್ನು ಮೂರು ವಾರ ಟ್ರ್ಯಾಕಿನೊಂದಿಗೆ ಕಲಿಸಿ, ನಾಲ್ಕನೆಯ ವಾರ ಟ್ರ್ಯಾಕ್ ತೆಗೆದುಬಿಡುವುದು ಈಗ ನಮ್ಮಲ್ಲಿ ರೂಢಿ.

13. ಕರೆಂಟ್ ಹೋಗುತ್ತದೆ

ಹೋಗಿಯೇ ಹೋಗುತ್ತದೆ. ಫೋನ್ ನುಡಿಯುತ್ತಲೇ ಇರುತ್ತದೆ, ಸ್ಪೀಕರ್ ಸತ್ತಿರುತ್ತದೆ, ಜನರೇಟರ್ ಹತ್ತುವಷ್ಟರಲ್ಲಿ ಸಭೆ ಒಂದು ಸಾಲು ಮುಂದೆ ಹೋಗಿರುತ್ತದೆ. ಆಗ ಕರೆಂಟ್ ಬಂದರೆ ಟ್ರ್ಯಾಕ್ ಇನ್ನೆಲ್ಲೋ ಬಂದು ಹೊಡೆಯುತ್ತದೆ. ಆದ್ದರಿಂದ ದೀಪ ಆರಿದ ಕ್ಷಣಕ್ಕೆ ಕೈ ಮೊದಲು ಫೋನಿನ ಪಾಜ್ ಗುಂಡಿಗೆ ಹೋಗಬೇಕು. ಶನಿವಾರದ ಅಭ್ಯಾಸದಲ್ಲಿ ನಾನು ಹೇಳದೆ ಕೇಳದೆ ಒಂದು ಹಾಡಿನ ನಡುವೆ ಟ್ರ್ಯಾಕ್ ನಿಲ್ಲಿಸುತ್ತೇನೆ. ಕ್ವಾಯರ್ ನಿಲ್ಲದೆ ಹಾಡು ಮುಗಿಸಿದರೆ ಆ ಟ್ರ್ಯಾಕ್ ಭಾನುವಾರಕ್ಕೆ ಬರುತ್ತದೆ. ನಿಂತುಬಿಟ್ಟರೆ ಆ ವಾರ ಆ ಹಾಡಿಗೆ ಟ್ರ್ಯಾಕಿಲ್ಲ.

ಇಷ್ಟು ಓದಿ ಯಾರಾದರೂ ಸಾಮಾನು ಕೊಳ್ಳಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಬರುವ ಭಾನುವಾರ ಒಂದೇ ಒಂದು ಹಾಡಿಗೆ, ಅದೂ ನಿಧಾನದ ಹಾಡಿಗೆ, ಸ-ಪ ಪ್ಯಾಡೊಂದನ್ನು ಕೇಳಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ ನೋಡಿ. ಆರಾಧನೆ ಮುಗಿದ ಮೇಲೆ ಮುಂದಿನ ಬೆಂಚಿನವರನ್ನು ಕೇಳಿ, ಹಾಡಲು ಸುಲಭವಾಯಿತೇ ಎಂದು. ಸಂಗೀತ ಹೇಗಿತ್ತು ಎಂದು ಮಾತ್ರ ಕೇಳಬೇಡಿ.